ನನ್ನ ತೂಕದ ಬೆಲ್ಲ

ನೆನಪಿನಲ್ಲಿ ನಾನು ರಾಗಿಚೀಲ ಎತ್ತುತ್ತಿದ್ದೇನೆ. ಚೀಲ ಪೂರ್ತಿ ತುಂಬಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ. ಬಾಯಿ ಕಟ್ಟಿರುವ ಹುರಿ ಹಸಿರು ಬಣ್ಣದ್ದು. ಬಗ್ಗುತ್ತೇನೆ, ಎತ್ತುತ್ತೇನೆ, ಸೊಂಟಕ್ಕೆ ಆನಿಸಿಕೊಂಡು ಹಜಾರ ದಾಟಿ ಅಡುಗೆಮನೆಗೆ ಹೋಗುತ್ತೇನೆ. ಎಲ್ಲ ಸ್ಪಷ್ಟವಾಗಿದೆ. ತೊಂದರೆ ಒಂದೇ. ಈ ಚಿತ್ರದಲ್ಲಿ ನನಗೆ ನನ್ನ ಬೆನ್ನು ಕಾಣುತ್ತದೆ. ನೈಟಿಯ ಮೇಲೆ ಬೆವರಿನ ಗುರುತು ಕೂಡ ಕಾಣುತ್ತದೆ. ನನ್ನ ಬೆನ್ನನ್ನು ನಾನು ಹೇಗೆ ನೋಡಿದೆ? ಬಾಗಿಲಲ್ಲಿ ನಿಂತು ಬೇರೆ ಯಾರೋ ನೋಡಿದ್ದನ್ನು, ಅಥವಾ ಯಾರೂ ನೋಡದೆ ಬರೀ ಬಾಯಲ್ಲಿ ಹೇಳಿದ್ದನ್ನು ತೆಗೆದುಕೊಂಡು ನನ್ನದು ಮಾಡಿಕೊಂಡಿದ್ದೇನೆ ಅನ್ನಿಸುತ್ತದೆ.

ಆ ವಾರ ನನ್ನ ಮೊದಲನೇ ಬಸುರು ಹೋಯಿತು. ಮೂರು ತಿಂಗಳು ತುಂಬಿರಲಿಲ್ಲ.

ಆಮೇಲೆ ನೋಡಲು ಬಂದವರೆಲ್ಲ ಕೈಯಲ್ಲಿ ಹಣ್ಣು ತಂದ ಹಾಗೆ ಬಾಯಲ್ಲಿ ಒಂದೊಂದು ಕಾರಣ ತಂದರು. ರಾಗಿಚೀಲ ಅತ್ತೆಯ ಕಾರಣ. ನನ್ನ ಗಂಡನದು ದಾಬಸ್‌ಪೇಟೆ ಸರ್ವಿಸ್ ರೋಡಿನ ಹಂಪುಗಳು. ಬೈಕಿನ ಹಿಂದೆ ಕೂತು ಕೂತು ಹಿಂಗಾಯ್ತು ಅಂದ. ಎದುರುಮನೆಯವರದು ಪರಂಗಿ ಹಣ್ಣು. ನಾನು ತಿಂದಿಲ್ಲ ಅಂದರೆ, "ಮದುವೆಮನೆ ಸಲಾಡಲ್ಲಿ ಇರುತ್ತಲ್ಲ, ನಿಂಗೆ ಗೊತ್ತಾಗಿರಲ್ಲ" ಅಂದರು. ಇನ್ನೊಂದು ಕಾರಣ ಇತ್ತು. ಅದನ್ನು ನನ್ನ ಮುಂದೆ ಯಾರೂ ಇಡಲಿಲ್ಲ. ಹಜಾರದಲ್ಲಿ ಕೂತು ಕಾಫಿ ಕುಡಿಯುತ್ತಾ ದನಿ ತಗ್ಗಿಸಿ ಹೇಳಿದರು, ನಾನು ಒಳಗಿನ ರೂಮಿನಲ್ಲಿ ಮಲಗಿ ಕೇಳಿಸಿಕೊಂಡೆ.

"ಹುಡುಗಿ ಸ್ವಲ್ಪ ದಪ್ಪ ಅಲ್ವಾ. ಕೊಬ್ಬು ಇದ್ರೆ ನಿಲ್ಲಲ್ವಂತೆ."

ಅದಕ್ಕೆ ಅತ್ತೆ ಏನೋ ಹೇಳಿದರು. ಏನು ಹೇಳಿದರು ಅನ್ನುವುದು ನನಗೆ ನೆನಪಿಲ್ಲ. ಬರೆಯುತ್ತಾ ಕೂತರೆ ಏನಾದರೊಂದು ಹೊಳೆಯುತ್ತದೆ, ಅತ್ತೆಯ ದನಿಯಲ್ಲೇ. ಅದನ್ನು ನಂಬಬಾರದು.

ಮನೆಯಲ್ಲಿ ನಾವು ಮೂವರೇ: ಅತ್ತೆ, ನನ್ನ ಗಂಡ, ನಾನು. ಮಾವ ನಾನು ಬರುವುದಕ್ಕೆ ಮುಂಚೆಯೇ ಹೋಗಿದ್ದರು. ತ್ಯಾಮಗೊಂಡ್ಲು ಕಡೆ ಒಂದು ಹಳ್ಳಿ. ಹೊಲದಲ್ಲಿ ರಾಗಿ, ಬದುವಿನಲ್ಲಿ ತೆಂಗು, ಹಿತ್ತಲಲ್ಲಿ ಎರಡು ಹಸು. ಅವೆಲ್ಲ ಅತ್ತೆಯ ಜವಾಬ್ದಾರಿ. ಗಂಡ ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ನಾನು ಅದೇ ಕಡೆ ಒಂದು ಗೋಡೌನಿನ ಆಫೀಸಿನಲ್ಲಿ ಕೂರುತ್ತೇನೆ. ಕೂರುತ್ತೇನೆ ಅನ್ನುವುದೇ ಸರಿ. ಬೆಳಿಗ್ಗೆಯಿಂದ ಸಂಜೆವರೆಗೆ ಕುರ್ಚಿ, ಕಂಪ್ಯೂಟರು, ಕಿಟಕಿಯಾಚೆ ಲಾರಿಗಳು.

ಹೆಣ್ಣು ನೋಡಲು ಬಂದಾಗ ಈ ಮೈಯನ್ನು ಅತ್ತೆ ಹೊಗಳಿದ್ದರು. "ಮೈಕೈ ತುಂಬ್ಕೊಂಡವ್ಳೆ, ಕೆಲಸಕ್ಕೂ ಆಯ್ತು, ಹೆರಿಗೇಗೂ ಆಯ್ತು" ಅಂತ ನಮ್ಮಮ್ಮನಿಗೆ ಹೇಳಿದ್ದರು. ಇದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ನಮ್ಮಮ್ಮ ಅದನ್ನು ಆಮೇಲೆ ಎಷ್ಟೋ ಜನರ ಮುಂದೆ ಹೇಳಿಕೊಂಡು ನಕ್ಕಿದ್ದಾಳೆ. ಅಂದರೆ ನೆನಪಿರುವುದು ಅಮ್ಮನ ನಗು. ಒಟ್ಟಿನಲ್ಲಿ ಮದುವೆಗೆ ಒಪ್ಪಿಗೆಯಾದ ತೂಕವೇ ಈಗ ಹಜಾರದಲ್ಲಿ ತಪ್ಪಾಗಿ ಕೂತಿತ್ತು. ಮೈ ಅದೇ. ಬ್ಲೌಸುಗಳೂ ಅವೇ.

ಆಸ್ಪತ್ರೆಗೆ ಹೋದ ದಿನದ ತುಣುಕುಗಳನ್ನು ಸಾಲಾಗಿ ಜೋಡಿಸಲು ನನಗೆ ಆಗುವುದಿಲ್ಲ. ಬೆಳಿಗ್ಗೆ ಹೊಟ್ಟೆ ನೋವು. ಬಚ್ಚಲಲ್ಲಿ ರಕ್ತ. ಎದುರುಮನೆಯವರ ಕಾರು. ಹಿಂದಿನ ಸೀಟಿನಲ್ಲಿ ನನ್ನ ತಲೆ ಅತ್ತೆಯ ತೊಡೆಯ ಮೇಲೆ. ಸೀಟಿಗೆ ಗಲೀಜಾಗದಿರಲಿ ಅಂತ ಕೆಳಗೆ ಹಾಸಿದ್ದ ಹಳೇ ಕಂಬಳಿ, ಅದರ ಹಸುವಿನ ವಾಸನೆ. ನೆಲಮಂಗಲದ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಇಳಿಸಿದಾಗ ಅತ್ತೆಯ ಕಾಲು ಕಂಡಿತು. ಚಪ್ಪಲಿ ಇರಲಿಲ್ಲ. ಕ್ಲೀನ್ ಮಾಡಬೇಕು ಅಂದರು. ಮಾಡಿದರು. ಆಮೇಲೂ ರಕ್ತ ನಿಲ್ಲಲಿಲ್ಲ. ನರ್ಸುಗಳು ಓಡಾಡಿದರು, ಒಂದು ಬಾಟಲಿ ರಕ್ತ ಏರಿಸಿದರು. ಗಂಡ ಪಕ್ಕದಲ್ಲಿ ನಿಂತು ನನ್ನ ಕೈಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದ, ನೆಟಿಗೆ ತೆಗೆಯುವವನ ಹಾಗೆ.

ಅತ್ತೆ ಒಳಗೆ ಬರಲಿಲ್ಲ.

ನಾನು ಬಾಗಿಲು ನೋಡುತ್ತಿದ್ದೆ. ಮಧ್ಯಾಹ್ನ ಆಯಿತು, ಬಿಸಿಲು ಕಿಟಕಿಯಿಂದ ಗೋಡೆಗೆ ಹೋಯಿತು, ಅತ್ತೆ ಬರಲಿಲ್ಲ. "ಎಲ್ಲಿ ನಿಮ್ಮಮ್ಮ" ಅಂತ ಕೇಳಿದೆ. "ಹೊರಗೆ ಅವ್ಳೆ" ಅಂದ ಗಂಡ. ಸಂಜೆ ಬಂದು ಕಾಲ ಹತ್ತಿರ ನಿಂತು, ನನ್ನ ಮುಖ ನೋಡದೆ, "ಗಂಜಿ ಕುಡೀತೀಯಾ" ಅಂದರು. ಮೊಮ್ಮಗು ಹೋದದ್ದಕ್ಕೆ ನನ್ನ ಮೇಲೆ ಕೋಪ ಅಂತ ನಾನು ಆವತ್ತೇ ತೀರ್ಮಾನ ಮಾಡಿಕೊಂಡೆ. ಅಲ್ಲಿಂದ ಮುಂದೆ ಎರಡು ವರ್ಷ ನಾನು ಅತ್ತೆಯನ್ನು ನೋಡಿದ್ದೆಲ್ಲ ಆ ತೀರ್ಮಾನದ ಕಿಟಕಿಯಿಂದ.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ನನ್ನನ್ನು ತೂಕ ನೋಡುವ ಮಿಷನ್ ಮೇಲೆ ನಿಲ್ಲಿಸಿದರು. ನಾನು ಚಪ್ಪಲಿ ಬಿಟ್ಟೆ, ವ್ಯಾನಿಟಿ ಬ್ಯಾಗ್ ಗಂಡನಿಗೆ ಕೊಟ್ಟೆ, ಬಳೆ ತೆಗೆಯಲು ಹೋದೆ.

"ಬಳೆ ಇರಲಿ ಬಿಡಮ್ಮ" ಅಂದರು.

"ಮೇಡಂ, ದಪ್ಪ ಇರೋದಕ್ಕೇ ಹೋಯ್ತಾ?"

"ಯಾರು ಹೇಳಿದ್ರು?"

"ಎಲ್ಲಾರೂ."

ಅವರು ಪೆನ್ನು ಕೆಳಗಿಟ್ಟರು. "ನೋಡಮ್ಮ, ಮೊದಲ ಮೂರು ತಿಂಗಳಲ್ಲಿ ಹೋಗೋದು ಬಹಳ ಸಲ ಪಿಂಡ ಕೂಡೋವಾಗಲೇ ಆಗಿರೋ ತಪ್ಪಿಂದ. ಅದಕ್ಕೆ ನೀನೂ ಏನೂ ಮಾಡಿರಲ್ಲ, ನಿನ್ನ ಗಂಡನೂ ಏನೂ ಮಾಡಿರಲ್ಲ. ತೂಕ ಜಾಸ್ತಿ ಇದ್ರೆ ಹೋಗೋ ಭಯ ಸ್ವಲ್ಪ ಜಾಸ್ತಿ. ತೀರಾ ಕಮ್ಮಿ ಇದ್ರೂ ಅಷ್ಟೇ, ಅದೂ ಒಳ್ಳೇದಲ್ಲ. ನಿನ್ನ ವಿಷಯದಲ್ಲಿ ತೂಕ ಒಂದು ಕಾರಣ ಆಗಿರಬಹುದು. ಅದೇ ಕಾರಣ ಅಂತ ನಾನು ಹೇಳಲ್ಲ. ಹೇಳೋಕಾಗಲ್ಲ."

"ಹಂಗಾದ್ರೆ ತೂಕ ಇಳಿಸಿದ್ರೆ ನಿಲ್ಲುತ್ತಾ?"

"ನಿಲ್ಲೋ ಸಾಧ್ಯತೆ ಜಾಸ್ತಿ ಆಗುತ್ತೆ."

"ನಿಲ್ಲುತ್ತಾ ಅಂದೆ."

ಡಾಕ್ಟರಮ್ಮ ನಕ್ಕರು. ಸಿಟ್ಟಿನ ನಗು ಅಲ್ಲ. "ಗ್ಯಾರಂಟಿ ಕಾರ್ಡ್ ಕೊಡಲ್ಲಮ್ಮ ನಾನು. ಈಗ, ಬಸುರಾಗೋಕೆ ಮುಂಚೆ, ನಿಧಾನಕ್ಕೆ ಇಳಿಸು. ಉಪವಾಸ ಗಿಪವಾಸ ಮಾಡಬೇಡ. ಆದ ಮೇಲೆ ಇಳಿಸೋಕೆ ಹೋಗಬೇಡ." ಥೈರಾಯ್ಡು, ಶುಗರು ಪರೀಕ್ಷೆಗೆ ಬರೆದುಕೊಟ್ಟರು. ಎರಡೂ ಸರಿಯಾಗೇ ಬಂದವು. ಅದು ನನಗೆ ಸಮಾಧಾನ ಕೊಡಬೇಕಿತ್ತು. ಬದಲಿಗೆ ಇನ್ನೆರಡು ಕಾರಣ ಕೈತಪ್ಪಿದ ಹಾಗಾಯಿತು. ಕಾರಣ ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಒಂದು ಕಡೆ ಕೂರಬಹುದಿತ್ತು. "ಆಗಿರಬಹುದು" ಅನ್ನುವುದರ ಮೇಲೆ ಕೂರಲು ಜಾಗವಿಲ್ಲ. ಹಾಗಾಗಿ ನಡೆಯಲು ಶುರು ಮಾಡಿದೆ.

ಹಾಲಿನ ಡೈರಿಯವರೆಗೆ, ಆಮೇಲೆ ಕೆರೆ ಏರಿವರೆಗೆ, ಆಮೇಲೆ ಏರಿ ದಾಟಿ ಮುಂದಕ್ಕೆ. ಊರಲ್ಲಿ ಕೆಲಸವಿಲ್ಲದೆ ನಡೆಯುವ ಹೆಂಗಸನ್ನು ಎಲ್ಲರೂ ನಿಲ್ಲಿಸಿ ಮಾತಾಡಿಸುತ್ತಾರೆ. "ಎಲ್ಲಿಗೆ ಹೊಂಟೆ?" "ಎಲ್ಲಿಗೂ ಇಲ್ಲ." "ಎಲ್ಲಿಗೂ ಇಲ್ಲದಿದ್ರೆ ಯಾಕೆ ಇಷ್ಟು ಬಿರುಸಾಗಿ ಹೊಂಟಿದೀಯ?" ಮಾರನೇ ದಿನದಿಂದ ಕೈಯಲ್ಲಿ ಒಂದು ಖಾಲಿ ಹಾಲಿನ ಕ್ಯಾನ್ ಹಿಡಿದುಕೊಂಡೆ. ಆಮೇಲೆ ಯಾರೂ ಕೇಳಲಿಲ್ಲ.

ಹರಕೆಯ ವಿಷಯ ತಿಳಿದದ್ದು ಆಗಲೇ. ಗಂಡ ಊಟಕ್ಕೆ ಕೂತಿದ್ದ, ನಾನು ಅರ್ಧ ಮುದ್ದೆ ಸಾಕು ಅಂದಿದ್ದೆ. ಅವನು ತಟ್ಟೆ ನೋಡಿ ನಗಲು ಶುರು ಮಾಡಿದ.

"ತಿನ್ನೋದು ಬಿಡೋಕೆ ಮುಂಚೆ ಅಮ್ಮಂಗೆ ಹೇಳು. ನಿನ್ನ ತೂಕಕ್ಕೆ ಬೆಲ್ಲ ಹರಕೆ ಹೊತ್ಕೊಂಡಿದೆ ಅಮ್ಮ."

"ನನ್ನ ತೂಕಕ್ಕಾ?"

"ಹೂಂ ಕಣೇ. ತುಲಾಭಾರ. ಮಗು ತೂಕಕ್ಕೆ ಅಂದಿದ್ರೆ ಒಂದೆರಡು ಅಚ್ಚಲ್ಲಿ ಮುಗೀತಿತ್ತು. ನಿನ್ನ ತೂಕಕ್ಕೆ ಅಂತೆ. ಆಲೆಮನೇನೇ ಕೊಂಡ್ಕೋಬೇಕು."

ನಮ್ಮ ಕಡೆ ತುಲಾಭಾರ ಅಂದರೆ ಹುಟ್ಟಿದ ಮಗುವನ್ನು ದೇವಸ್ಥಾನದ ತಕ್ಕಡಿಯ ಒಂದು ಕಡೆ ಕೂರಿಸಿ, ಇನ್ನೊಂದು ಕಡೆ ಬೆಲ್ಲವೋ ಬಾಳೆಹಣ್ಣೋ ತೂಗಿ ದೇವರಿಗೆ ಒಪ್ಪಿಸುವುದು. ಬಸುರು ನಿಲ್ಲಲಿ ಅಂತ ಹೊತ್ತ ಹರಕೆಗೆ ಯಾರೇ ಆದರೂ ಮಗುವಿನ ತೂಕವನ್ನೇ ಹೇಳುತ್ತಾರೆ. ಅತ್ತೆ ಗಾಬರಿಯಲ್ಲಿ ನನ್ನ ತೂಕ ಹೇಳಿಬಿಟ್ಟಿದ್ದಾರೆ ಅಂತ ಗಂಡ ನಕ್ಕ. ನಾನೂ ನಕ್ಕೆನೇನೋ. ಒಳಗೆ ಉರಿಯಿತು. ಮೊಮ್ಮಗು ಬರಲಿ ಅಂತ ನನ್ನನ್ನು ತಕ್ಕಡಿಗೆ ಒಪ್ಪಿಸಿದ್ದಾರೆ, ಅದೂ ನನ್ನನ್ನು ಕೇಳದೆ. "ಬಸುರು ನಿಂತರೆ" ಅಂತ ಹೊತ್ತದ್ದು ಅಂತ ಗಂಡ ಹೇಳಿದನೋ, ನಾನೇ ಸೇರಿಸಿಕೊಂಡೆನೋ? ಇಬ್ಬರೂ ಅದನ್ನೇ ಅರ್ಥ ಮಾಡಿಕೊಂಡೆವು ಅನ್ನುವುದಷ್ಟೇ ಖಚಿತ. ಅತ್ತೆಯನ್ನು ಕೇಳಲಿಲ್ಲ.

ಕೇಳದೆ ಜಗಳ ಆಡಿದೆವು. ಜಗಳ ಅಂದರೆ ಮುದ್ದೆಯ ಮೂಲಕ. ನಾನು ಅರ್ಧ ಅನ್ನುವುದು, ಅತ್ತೆ ಅರ್ಧವೇ ಕಟ್ಟಿ ಇಡುವುದು. ಮುರಿದರೆ ನಡುವೆ ಬೆಣ್ಣೆ. ಬಿಸಿಗೆ ಕರಗಿ ಬೆರಳ ಸಂದಿಯಿಂದ ಇಳಿಯುತ್ತಿತ್ತು.

"ಏನತ್ತೆ ಇದು?"

"ಏನು?"

"ಬೆಣ್ಣೆ ಇಟ್ಟಿದೀರಾ ಒಳಗೆ."

"ರಾಗಿ ಹೊಸದು, ಅದಕ್ಕೇ ಜಿಡ್ಡು."

"ರಾಗೀಲಿ ಬೆಣ್ಣೆ ಬರುತ್ತಾ?"

"ನಮ್ಮ ಹೊಲದ್ರಲ್ಲಿ ಬರುತ್ತೆ" ಅಂದು ಎದ್ದು ಹಿತ್ತಲಿಗೆ ಹೋದರು.

ಒಂದು ದಿನ ನಾನು ನೇರವಾಗಿ ಹೇಳಿದೆ. "ಅತ್ತೆ, ನಾನು ಸಣ್ಣ ಆದ್ರೆ ನಿಮಗೇ ಅನುಕೂಲ. ಬೆಲ್ಲ ಉಳಿಯುತ್ತೆ." ಅವರು ಹಸುವಿಗೆ ಹಿಂಡಿ ಕಲಸುತ್ತಿದ್ದರು. ಕೈ ನಿಲ್ಲಿಸದೆ, "ಉಳಿಸ್ಕೊಳಕ್ಕೆ ಹರಕೆ ಏನು ಅಂಗಡಿ ಯಾಪಾರವಾ? ಹೊತ್ಕೊಂಡಾಗ ಎಷ್ಟಿದ್ಯೋ ಅಷ್ಟೂ ಕೊಡ್ಬೇಕು. ದೇವ್ರಿಗೆ ಕಮ್ಮಿ ಮಾಡಂಗಿಲ್ಲ" ಅಂದರು. ಡಾಕ್ಟರಿಗೆ ನಾನು ಇಳಿಯಬೇಕು, ದೇವರಿಗೆ ನಾನು ಇದ್ದಷ್ಟೇ ಇರಬೇಕು. ನಡುವೆ ನಾನು ಹಾಲಿನ ಕ್ಯಾನ್ ಹಿಡಿದು ಏರಿ ಮೇಲೆ ಹೋಗುವುದು ಬರುವುದು.

ಗೋಡೌನಿನ ಅಂಗಳದಲ್ಲಿ ಲಾರಿ ತೂಗುವ ಕಾಟಾ ಇದೆ. ನೆಲದಲ್ಲಿ ಹೂತ ದೊಡ್ಡ ಕಬ್ಬಿಣದ ಹಲಗೆ. ತುಂಬಿದ ಲಾರಿ ಒಂದು ಸಲ ನಿಲ್ಲುತ್ತದೆ, ಇಳಿಸಿದ ಮೇಲೆ ಖಾಲಿ ಲಾರಿ ಇನ್ನೊಂದು ಸಲ. ಒಂದರಲ್ಲಿ ಇನ್ನೊಂದು ಕಳೆದರೆ ಸರಕಿನ ತೂಕ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ನಾನು ಅದರ ಮೇಲೆ ನಿಂತು ಆಫೀಸಿನ ಕಿಟಕಿಯಲ್ಲಿ ಮೂಡುವ ಅಂಕಿ ನೋಡಿದೆ. ಆ ಕಾಟಾಗೆ ಮನುಷ್ಯರ ಲೆಕ್ಕ ಗೊತ್ತಿಲ್ಲ. ಹತ್ತು ಹತ್ತು ಕೆಜಿಯಾಗಿ ಹೇಳುತ್ತದೆ. ಎಂಬತ್ತು ಅಂತು. ಇಳಿದು ಮತ್ತೆ ಹತ್ತಿದೆ, ತೊಂಬತ್ತು. ಇನ್ನೊಂದು ಸಲ, ಎಂಬತ್ತು. ಇಳಿಯುವುದು ಹತ್ತುವುದು ಮಾಡುತ್ತಿದ್ದಾಗ ಲಾರಿಯ ನೆರಳಲ್ಲಿ ಊಟ ಮಾಡುತ್ತಿದ್ದ ಡ್ರೈವರ್ ಒಬ್ಬರು ಕೂಗಿದರು.

"ಏನ್ ಮೇಡಂ, ಲೋಡಾ ಖಾಲೀನಾ?"

ಸುತ್ತ ಕೂತವರು ನಕ್ಕರು. ನಾನೂ ನಕ್ಕು, "ಖಾಲಿ ಕಣ್ರೀ" ಅಂದೆ. ಒಳಗೆ ಬಂದು ಕುರ್ಚಿಯಲ್ಲಿ ಕೂತು ಮುಂದಿನ ಲಾರಿಯ ಚೀಟಿ ಬರೆದೆ.

ಈ ಕತೆ ಹೇಳುವಾಗೆಲ್ಲ ನನಗೆ ಒಂದು ಆಸೆ ಬರುತ್ತದೆ. ಆವತ್ತು ನಾನು ಖಾಲಿ ಇರಲಿಲ್ಲ, ನನಗೇ ಗೊತ್ತಿಲ್ಲದೆ ಆಗಲೇ ಎರಡನೇದು ಕೂತಿತ್ತು ಅಂತ ಹೇಳುವ ಆಸೆ. ಗೆಳತಿಯೊಬ್ಬಳಿಗೆ ಹಾಗೆ ಹೇಳಿಯೂ ಇದ್ದೇನೆ. ಅವಳು ಮೈ ಜುಮ್ ಅಂತು ಅಂದಳು. ಸುಳ್ಳು. ಕಾಟಾ ಮೇಲೆ ನಿಂತದ್ದು ಬೇಸಿಗೆಯಲ್ಲಿ, ಕಬ್ಬಿಣ ಸುಡುತ್ತಿತ್ತು. ದಿನ ತಪ್ಪಿದ್ದು ಅವರೆಕಾಯಿ ಕಾಲದಲ್ಲಿ. ಆವತ್ತು ನಾನು ಖಾಲಿಯೇ.

ದಿನ ತಪ್ಪುವ ಹೊತ್ತಿಗೆ ತೂಕ ಇಳಿದಿತ್ತು. ಡಾಕ್ಟರಮ್ಮ ಖುಷಿಪಡುವಷ್ಟು, ಬ್ಲೌಸು ಒಂದು ಹೊಲಿಗೆ ಹಿಡಿಸುವಷ್ಟು. ಗಂಡನಿಗೆ ಮಾತ್ರ ಹೇಳಿದೆ. ಅತ್ತೆಗೆ ಹೇಳಬೇಡ ಅಂದೆ. ಆದರೆ ಅವರೆಕಾಳು ಸಾರಿನ ಒಗ್ಗರಣೆ ಸಿಡಿದಾಗ ನಾನು ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದೆ. ವಾಪಸ್ ಬಂದಾಗ ಅತ್ತೆ ಒಲೆ ಆರಿಸಿದ್ದರು. ಮಾರನೇ ದಿನದಿಂದ ಮನೆಯಲ್ಲಿ ಒಗ್ಗರಣೆ ನಿಂತಿತು, ಹಜಾರದಲ್ಲಿದ್ದ ರಾಗಿಚೀಲ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಯಿತು.

ಈಗ ಲೆಕ್ಕ ತಿರುಗಿತು. ಇಷ್ಟು ದಿನ ತಿಂದರೆ ಭಯ, ಈಗ ತಿನ್ನದಿದ್ದರೆ ಭಯ. ಬೆಳಿಗ್ಗೆ ಕುಡಿದದ್ದು ನಿಲ್ಲುತ್ತಿರಲಿಲ್ಲ, ಮಧ್ಯಾಹ್ನ ತಿಂದದ್ದು ನಿಲ್ಲುತ್ತಿರಲಿಲ್ಲ. ಏರಿ ಮೇಲೆ ನಡೆದು ನಡೆದು ಕಷ್ಟಪಟ್ಟು ಇಳಿಸಿದ್ದ ತೂಕ, ಈಗ ಬೇಡ ಅಂದಾಗ ತಾನೇ ಇಳಿಯತೊಡಗಿತು. ಕನ್ನಡಿಯಲ್ಲಿ ಕೊರಳ ಮೂಳೆ ಕಂಡಿತು. ಎಷ್ಟೋ ತಿಂಗಳು ನೋಡಲು ಕಾದಿದ್ದ ಮೂಳೆ. ಕಂಡಾಗ ಅದರ ಮೇಲೆ ಸೆರಗು ಎಳೆದುಕೊಂಡೆ. "ಕಮ್ಮಿ ಆದ್ರೂ ಅಷ್ಟೇ" ಅಂತ ಡಾಕ್ಟರಮ್ಮ ಹೇಳಿದ್ದು ಕಿವಿಯಲ್ಲಿ ತಿರುಗುತ್ತಿತ್ತು. ನಾನೇ ಹೋಗಿ ಅತ್ತೆಯ ಮುಂದೆ ನಿಂತು, "ಮುದ್ದೇಲಿ ಬೆಣ್ಣೆ ಇಡಿ" ಅಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಈಗ ನಮ್ಮ ಹೊಲದ ರಾಗಿ ಬೇಕಾಯ್ತಾ?"

ಮೊದಲನೇದು ಎಷ್ಟನೇ ವಾರಕ್ಕೆ ಹೋಗಿತ್ತೋ ಆ ವಾರ ಹತ್ತಿರ ಬಂತು. ಆ ವಾರ ನಾನು ಯಾವ ಕುರ್ಚಿಯಲ್ಲೂ ಪೂರ್ತಿ ಕೂರಲಿಲ್ಲ. ಬಾತ್‌ರೂಮಿಗೆ ಹೋದಾಗೆಲ್ಲ ನೋಡುತ್ತಿದ್ದೆ. ಇಲ್ಲ. ಮತ್ತೆ ನೋಡುತ್ತಿದ್ದೆ. ಇಲ್ಲ. ಒಂದು ಮಧ್ಯಾಹ್ನ, ಗೋಡೌನಿನಲ್ಲಿ, ಇತ್ತು. ಕಂದು ಬಣ್ಣದ ಒಂದು ಕಲೆ. ಕಾಫಿ ಕಲೆಯಷ್ಟು.

ಗಂಡ ಶಿಫ್ಟಿನಲ್ಲಿದ್ದ, ಫೋನು ಒಳಗೆ ಬಿಡುವುದಿಲ್ಲ. ನಾನು ಮನೆಗೆ ಫೋನು ಮಾಡಿದೆ. ಯಾಕೆ ಅತ್ತೆಗೆ ಮಾಡಿದೆ ಅನ್ನುವುದು ಗೊತ್ತಿಲ್ಲ, ನಮ್ಮಮ್ಮನಿಗೆ ಮಾಡಬಹುದಿತ್ತು. "ಅತ್ತೆ, ಸ್ವಲ್ಪ ಕಾಣಿಸ್ಕೊಂಡಿದೆ" ಅಂದೆ. ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಆಟೋ ಹತ್ತು, ಡ್ರೈವರ್‌ಗೆ ನಿಧಾನಕ್ಕೆ ಹೋಗು ಅನ್ನು. ಬರ್ತೀನಿ" ಅಂದರು. ಆಸ್ಪತ್ರೆಯ ಮೆಟ್ಟಿಲ ಹತ್ತಿರ ನನಗಿಂತ ಮುಂಚೆ ಬಂದು ನಿಂತಿದ್ದರು. ಯಾವ ಬಸ್ಸು, ಯಾರ ಬೈಕು, ಇವತ್ತಿಗೂ ಹೇಳಿಲ್ಲ. ಕಾಲಿಗೆ ಚಪ್ಪಲಿ ಇತ್ತು. ಒಂದು ಅವರದು, ಒಂದು ನನ್ನ ಗಂಡನದು.

ಸ್ಕ್ಯಾನಿಂಗ್ ಮಾಡುವವರು ಹೊಟ್ಟೆಗೆ ಜೆಲ್ ಹಚ್ಚಿದರು. ಪರದೆ ಅವರ ಕಡೆ ತಿರುಗಿತ್ತು. ನಾನು ಅವರ ಮುಖವನ್ನೇ ಪರದೆ ಅಂದುಕೊಂಡು ನೋಡುತ್ತಿದ್ದೆ. ಆಮೇಲೆ ಒಂದು ಗುಬ್ಬಿ ಹುಲ್ಲಿನ ಮೇಲೆ ಓಡಿದ ಹಾಗೆ ಸದ್ದು ಕೇಳಿಸಿತು, ದಡದಡದಡ.

"ಹಾರ್ಟ್‌ಬೀಟ್ ಇದೆ. ಚೆನ್ನಾಗಿದೆ."

ಹೊರಗೆ ಬಂದು ಅತ್ತೆಗೆ ಹೇಳಿದೆ. ಅವರು ಗೋಡೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತರು. "ನಿಂಗೇನೂ ಇಲ್ವಲ್ಲ?" ಅಂದರು. ಮಗುವಿನ ಬಗ್ಗೆ ಹೇಳಿದ್ದು ಕೇಳಿಸಲಿಲ್ಲವೇನೋ ಅಂತ ನಾನು ಮತ್ತೆ ಜೋರಾಗಿ ಹೇಳಿದೆ.

ಆಮೇಲಿನ ತಿಂಗಳುಗಳನ್ನು ನಾನು ಬರೆಯುವುದಿಲ್ಲ. ಚೆನ್ನಾಗಿದ್ದವು ಅಂತ ಎಲ್ಲರೂ ಹೇಳುತ್ತಾರೆ. ನನಗೆ ನೆನಪಿರುವುದು ಪ್ರತಿ ದಿನ ಮುಗಿಯಲಿ ಅಂತ ಕಾದದ್ದು. ಹೆಣ್ಣುಮಗು ಹುಟ್ಟಿತು. ಕೂಡಲೇ ಕಾರಣಗಳು ಮತ್ತೆ ಬಂದವು, ಈ ಸಲ ಸ್ವೀಟ್ ಬಾಕ್ಸಿನ ಜೊತೆ. ತೂಕ ಇಳಿಸಿದ್ದಕ್ಕೆ ನಿಂತಿತು. ಬೈಕು ಬಿಟ್ಟದ್ದಕ್ಕೆ ನಿಂತಿತು. ರಾಗಿಚೀಲ ಮುಟ್ಟದೇ ಇದ್ದದ್ದಕ್ಕೆ ನಿಂತಿತು. ಗಂಡ ಗೆಳೆಯರ ಮುಂದೆ, "ನಮ್ಮವಳು ದಿನಾ ವಾಕಿಂಗ್ ಗುರು, ಅದಕ್ಕೇ" ಅನ್ನುತ್ತಾನೆ. ನನಗೂ ಹಾಗೆ ಅನ್ನಲು ಆಸೆ. ನಡೆದೆ, ಇಳಿಸಿದೆ, ನಿಂತಿತು: ಮೂರು ಮಾತು, ನೇರವಾಗಿ ಒಂದರ ಹಿಂದೆ ಒಂದು. ತೂಕ ಇಳಿಸಿದ್ದು ಒಳ್ಳೆಯದಾಯಿತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಗೆ ಹೇಳಿದ ಕೂಡಲೇ ಹಿಂದಿನದು ನನ್ನ ತೂಕದಿಂದಲೇ ಹೋಯಿತು ಅಂತಲೂ ಹೇಳಿದ ಹಾಗಾಗುತ್ತದೆ. ಅದು ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ.

ಮಗುವಿಗೆ ಐದು ತಿಂಗಳಾದಾಗ ಅತ್ತೆ ಹರಕೆ ತೀರಿಸಲು ದಿನ ನೋಡಿಸಿದರು.

ನಮ್ಮೂರ ದೇವಸ್ಥಾನ ಸಣ್ಣದು. ಅಂಗಳದಲ್ಲಿ ಕಬ್ಬಿಣದ ತೊಲೆಗೆ ಸರಪಳಿ, ಸರಪಳಿಗೆ ಎರಡು ಹಲಗೆ. ತಕ್ಕಡಿಯ ಆಚೆ ಚಾಪೆಯ ಮೇಲೆ ಬಕೆಟ್ ಬೆಲ್ಲ ಪೇರಿಸಿದ್ದರು. ಬಕೆಟ್ಟಿನಲ್ಲಿ ಎರೆದು ಮಗುಚಿದ ಬೆಲ್ಲ, ಒಂದೊಂದನ್ನೂ ಎರಡು ಕೈಯಲ್ಲಿ ಎತ್ತಬೇಕು. ಅದರ ಪಕ್ಕದಲ್ಲಿ ಸಣ್ಣ ಅಚ್ಚುಗಳು, ಕೊನೆಗೆ ಸರಿದೂಗಿಸಲು. ಜೇನುನೊಣಗಳು ಆಗಲೇ ಸುದ್ದಿ ತಿಳಿದು ಬಂದಿದ್ದವು. ಎದುರುಮನೆಯವರು, ಪೂಜಾರಪ್ಪ, ನನ್ನ ಗಂಡ, ಅವನ ಕೈಯಲ್ಲಿ ಫೋನು.

ನಾನು ಮಗುವನ್ನು ಎತ್ತಿಕೊಂಡು ಹಲಗೆಯ ಮೇಲೆ ಕೂತೆ. ಹಾಗೇ ಅಂತ ಎಲ್ಲರೂ ಅಂದುಕೊಂಡಿದ್ದೆವು; ಪೂಜಾರಪ್ಪ ಕೂಡ "ಮಗೂನ ತೊಡೆ ಮೇಲೆ ಇಟ್ಕೊಳಮ್ಮ" ಅಂದರು.

ಅತ್ತೆ ಮುಂದೆ ಬಂದು ಕೈ ಚಾಚಿದರು. "ಮಗೂನ ಕೊಡಿಲ್ಲಿ."

"ಯಾಕತ್ತೆ?"

"ಕೊಡು. ಹರಕೆ ನಿಂದು, ಅದ್ರದ್ದಲ್ಲ."

"ಮಗೂಗೋಸ್ಕರ ಹೊತ್ಕೊಂಡಿದ್ದಲ್ವಾ?" ಅಂದ ನನ್ನ ಗಂಡ, ಫೋನಿನ ಹಿಂದಿನಿಂದ.

"ಯಾವನ್ಲಾ ಹೇಳಿದ್ದು ನಿಂಗೆ? ಆವಾಗ ಮಗು ಎಲ್ಲಿತ್ತು?" ಅತ್ತೆ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಪೂಜಾರಪ್ಪನಿಗೆ ಹೇಳುವ ಹಾಗೆ, ನನ್ನ ಕಡೆ ನೋಡದೆ ಹೇಳಿದರು. "ಆಸ್ಪತ್ರೇಲಿ ರಕ್ತ ನಿಲ್ತಿರ್ಲಿಲ್ಲ ಸ್ವಾಮಿ. ಮಗು ಹೋದ್ರೆ ಹೋಯ್ತು, ಇವಳು ಎದ್ದು ಮನೆಗೆ ಬಂದ್ರೆ ಸಾಕು, ಇವಳ ತೂಕಕ್ಕೆ ತೂಗಿಸ್ತೀನಿ ಅಂದೆ. ಆಸ್ಪತ್ರೆ ಹಿಂದೆ ನಲ್ಲಿ ಐತಲ್ಲ, ಅಲ್ಲೇ ಕಾಲು ತೊಳ್ಕೊಂಡು ನಿಂತು ಅಂದಿದ್ದು. ಬಂದ್ಲು. ಆವಾಗ್ಲೇ ತೀರಿಸ್ಬೇಕಿತ್ತು. ಮಗು ಹೋದ ಮನೇಲಿ ಬೆಲ್ಲ ತೂಗ್ತಾರೆ ಅಂತಾರೆ ಅಂತ ಬಿಟ್ಟಿದ್ದೆ. ಮನಸು ತಡೀಲಿಲ್ಲ, ಇವನ ಮುಂದೆ ಒಂದು ಮಾತು ಆಡಿದೆ. ಇವನು ನಕ್ಕ."

ಪೂಜಾರಪ್ಪ ಬೆಲ್ಲ ಏರಿಸಲು ಶುರು ಮಾಡಿದರು.

ಇದನ್ನು ನಂಬಬೇಕೋ ಬೇಡವೋ ನನಗೆ ಗೊತ್ತಿಲ್ಲ. ಆವತ್ತು ಅಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತಿತ್ತು ಅಂತ ಗಂಡ ಆಮೇಲೆ ಹೇಳಿದ. ಇಷ್ಟು ದಿನದಲ್ಲಿ ಅತ್ತೆಯ ನೆನಪೂ ತನಗೆ ಬೇಕಾದ ಹಾಗೆ ಕೂತಿರಬಹುದು, ನನ್ನ ರಾಗಿಚೀಲದ ಹಾಗೆ. ಎರಡು ವರ್ಷ ನಾನು ಕೋಪ ಅಂದುಕೊಂಡು ನೋಡಿದ ಮುಖವನ್ನು ಒಂದೇ ನಿಮಿಷದಲ್ಲಿ ಬೇರೆ ಮಾಡಿಕೊಳ್ಳುವುದು ಹೇಗೆ? ಹಾಗೆ ಮಾಡಿಕೊಂಡರೆ ಅದೂ ಒಂದು ಅನುಕೂಲದ ಕತೆಯಾಗುತ್ತದೆ. ಬೆಣ್ಣೆ ಇಟ್ಟದ್ದು ಹೌದು. ಬೆಂಚಿನ ಮೇಲೆ ಕೂತು ನಿಂಗೇನೂ ಇಲ್ವಲ್ಲ ಅಂದದ್ದು ಹೌದು. ಉಳಿದದ್ದನ್ನು ನಾನು ಜೋಡಿಸುವುದಿಲ್ಲ.

ಬೆಲ್ಲ ಏರುತ್ತಾ ಏರುತ್ತಾ ನನ್ನ ಹಲಗೆ ನೆಲ ಬಿಟ್ಟಿತು. ಅಲುಗಾಡಿತು. ನಾನು ಎರಡು ಕಡೆ ಸರಪಳಿ ಹಿಡಿದುಕೊಂಡೆ.

"ಸಮ ಆಯ್ತಮ್ಮ" ಅಂದರು ಪೂಜಾರಪ್ಪ.

"ಇನ್ನೊಂದು ಇಡಿ" ಅಂದರು ಅತ್ತೆ.

"ಸಮ ಆಯ್ತಲ್ಲಮ್ಮ, ನೋಡಿ, ಮುಳ್ಳು ನೆಟ್ಟಗಿದೆ."

"ಆವತ್ತು ಇನ್ನೂ ದಪ್ಪ ಇದ್ಲು ಸ್ವಾಮಿ. ಆಮೇಲೆ ಇಳಿಸ್ಕೊಂಡ್ಲು. ಆವತ್ತಿನದು ಇಡಿ."

ಎದುರುಮನೆಯವರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಗಂಡ ನಕ್ಕಾಗ ಫೋನು ಅಲುಗಿತು. ಪೂಜಾರಪ್ಪ ಇನ್ನೊಂದು ಬೆಲ್ಲ ಎತ್ತಿ ಇಟ್ಟರು. ಆ ಕಡೆ ಹಲಗೆ ದೊಪ್ಪನೆ ನೆಲಕ್ಕೆ ತಾಗಿತು, ನಾನು ಮೇಲಕ್ಕೆ ಹೋದೆ. ಕಾಲಿಗೆ ಏನೂ ಸಿಗಲಿಲ್ಲ. "ಇಳಿಸಿ" ಅಂದೆ. "ಇರು" ಅಂದರು ಅತ್ತೆ.

ಗಂಡ ತೆಗೆದ ವೀಡಿಯೋ ಮನೆಯಲ್ಲಿ ಎಲ್ಲರೂ ನೋಡುತ್ತಾರೆ. ಅವನು ನನ್ನ ಹಿಂದೆ ನಿಂತಿದ್ದ. ಅದರಲ್ಲಿ ಕಾಣುವುದು ನನ್ನ ಬೆನ್ನು, ಸರಪಳಿ, ಆಚೆ ಬೆಲ್ಲದ ರಾಶಿ. ಇತ್ತೀಚೆಗೆ ಆ ದಿನವನ್ನು ನೆನಸಿಕೊಂಡರೆ ನನಗೂ ನನ್ನ ಬೆನ್ನೇ ಕಾಣಲು ಶುರುವಾಗಿದೆ. ಇನ್ನು ಸ್ವಲ್ಪ ದಿನಕ್ಕೆ ವೀಡಿಯೋದಲ್ಲಿ ಇರುವುದೇ ಉಳಿಯುತ್ತದೆ. ಅದಕ್ಕೆ ಮುಂಚೆ, ಅಲ್ಲಿ ಇಲ್ಲದ್ದನ್ನು ಬರೆದಿಡುತ್ತೇನೆ. ಮಗು ಅತ್ತೆಯ ಹೆಗಲ ಮೇಲೆ ಜೋರಾಗಿ ಅಳುತ್ತಿತ್ತು, ಅವರ ಕಿವಿಯೋಲೆ ಹಿಡಿದು ಎಳೆಯುತ್ತಿತ್ತು. ಅತ್ತೆ ಅದರ ಕಡೆ ತಿರುಗಲಿಲ್ಲ. ಒಲೆಯ ಮೇಲಿಟ್ಟ ಹಾಲನ್ನು ನೋಡುವವರ ಹಾಗೆ, ಕಣ್ಣು ಮಿಟುಕಿಸದೆ, ನಾನು ಕೂತಿದ್ದ ಹಲಗೆಯನ್ನೇ ನೋಡುತ್ತಿದ್ದರು.